ಕ್ಯಾಂಪ್
ಇಂಗ್ಲಿಷಿನಿಂದ ಬಂದ ನಾಮಪದ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಸೀಮೆಯಲ್ಲಿ ಇದಕ್ಕೆ ಹಲವು ಅರ್ಥಗಳಿವೆ.

1. ವಲಸೆ ರೈತರ ಊರು. ನಾರಾಯಣಪುರ ಅಣೆಕಟ್ಟೆಯ ಎಡದಂಡೆ ಕಾಲುವೆಗೆ ಕೃಷ್ಣೆಯ ನೀರು ಹರಿದ ಮೇಲೆ ಆಂಧ್ರದಿಂದ ಬಂದ ರೈತರು ಹೊಲ ಕೊಂಡು ಅಥವಾ ಲೀಸಿಗೆ ಹಿಡಿದು, ಗದ್ದೆಗಳ ನಡುವೆಯೇ ಮನೆ ಕಟ್ಟಿ ಭತ್ತ ಬೆಳೆದರು. ಬಿಡಾರ ಕಾಯಂ ಊರಾದರೂ ಹೆಸರು ಉಳಿಯಿತು. ಪ್ರಯೋಗ: ‘ಭತ್ತ ಹಚ್ಚಾಕ ಕ್ಯಾಂಪಿಗಿ ಹೋಗ್ಯಾರ.’ ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿಗಳಲ್ಲಿ ಈ ಅರ್ಥ ಇನ್ನೂ ಹಳೆಯದು.

2. ನೀರಾವರಿ ಸಿಬ್ಬಂದಿಯ ವಸತಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಭೀಮರಾಯನಗುಡಿಯಂಥ ಕಡೆ.

3. ಶಿಬಿರ: ಕಣ್ಣಿನ ಕ್ಯಾಂಪ್, ಎನ್‌ಎಸ್‌ಎಸ್ ಕ್ಯಾಂಪ್.

4. ಅಧಿಕಾರಿಯ ಪ್ರವಾಸ: ‘ಸಾಹೇಬ್ರು ಕ್ಯಾಂಪ್ ಹೋಗ್ಯಾರ.’

ಮೊದಲನೆಯ ಅರ್ಥದಲ್ಲಿ ಕ್ಯಾಂಪ್ ಎಂಬುದು ತಾತ್ಕಾಲಿಕ ಬಿಡಾರವಲ್ಲ. ಅಲ್ಲೇ ಹುಟ್ಟಿ ಬೆಳೆದವರ ಸ್ವಂತ ಊರು.