ವಿದ್ಯುತ್ ಜಾಲದ ಮೇಲೆ ಸೈಬರ್ ಸಮರದ ಕರಿನೆರಳು: ಮೈಸೂರಿಗೇನು ಸಂಬಂಧ?

ಮೈಸೂರು: ನಗರವೊಂದನ್ನು ಕತ್ತಲಿಗೆ ದೂಡಬೇಕಾದರೆ ಶತ್ರು ರಾಷ್ಟ್ರವು ಹಿಂದೆ ವಿದ್ಯುತ್ ಸ್ಥಾವರದ ಮೇಲೆ ಬಾಂಬ್ ಹಾಕಬೇಕಿತ್ತು. ಈಗ ಗಣಕದ ಮುಂದೆ ಕುಳಿತೇ ಆ ಕೆಲಸ ಮಾಡಲು ಸಾಧ್ಯ ಎಂಬುದು 2015ರಲ್ಲಿ ಉಕ್ರೇನ್‌ನಲ್ಲಿ ಸಾಬೀತಾಗಿದೆ. ಕರ್ನಾಟಕದ ಎರಡು ವಿದ್ಯುತ್ ಕೇಂದ್ರಗಳ ಹೆಸರೂ ಇಂಥ ಗುರಿಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿದೆ. ಮೈಸೂರಿನಲ್ಲಿ ವಿದ್ಯುತ್ ಹೋದರೆ ಮನೆಯ ದೀಪ ಮಾತ್ರ ಆರುವುದಿಲ್ಲ. ಕಾವೇರಿಯಿಂದ ನಗರಕ್ಕೆ ನೀರೆತ್ತುವ ಹೊಂಗಳ್ಳಿಯ ಪಂಪ್‌ಗಳು ನಿಲ್ಲುತ್ತವೆ, ಆಸ್ಪತ್ರೆಗಳು ಜನರೇಟರ್‌ಗಳನ್ನು ನೆಚ್ಚಿಕೊಳ್ಳಬೇಕಾಗುತ್ತದೆ.

ಶಿವನಸಮುದ್ರದಿಂದ ಸ್ಕಾಡಾದವರೆಗೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸತೊಡಗಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಆ ಬೆಳಕು ಬಂತು. ಅಂದಿನ ವ್ಯವಸ್ಥೆಯಲ್ಲಿ ಸ್ವಿಚ್ ಹಾಕಲು ಅಥವಾ ತೆಗೆಯಲು ಮನುಷ್ಯನೇ ಸ್ಥಳದಲ್ಲಿರಬೇಕಿತ್ತು.

ಇಂದು ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಹಾಗೂ ಕೊಡಗು ಜಿಲ್ಲೆಗಳಿಗೆ ವಿದ್ಯುತ್ ವಿತರಿಸುವುದು ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ (ಸೆಸ್ಕ್). ಅದಕ್ಕೆ ವಿದ್ಯುತ್ ತಲುಪಿಸುವುದು ಕೆಪಿಟಿಸಿಎಲ್‌ನ ಪ್ರಸರಣ ಮಾರ್ಗಗಳು. ಎಷ್ಟು ಉತ್ಪಾದನೆ, ಎಷ್ಟು ಬಳಕೆ ಎಂಬುದನ್ನು ಕ್ಷಣಕ್ಷಣಕ್ಕೂ ಸರಿದೂಗಿಸುವ ಹೊಣೆ ಬೆಂಗಳೂರಿನಲ್ಲಿರುವ ರಾಜ್ಯ ವಿದ್ಯುತ್ ರವಾನೆ ಕೇಂದ್ರದ್ದು. ದಕ್ಷಿಣದ ರಾಜ್ಯಗಳ ನಡುವೆ ಸಮನ್ವಯ ಸಾಧಿಸುವ ದಕ್ಷಿಣ ಪ್ರಾದೇಶಿಕ ರವಾನೆ ಕೇಂದ್ರವೂ ಬೆಂಗಳೂರಿನಲ್ಲಿಯೇ ಇದೆ.

ಈ ಕೇಂದ್ರಗಳ ಕಣ್ಣು ಮತ್ತು ಕೈ ಎರಡೂ ‘ಸ್ಕಾಡಾ’ ಎಂಬ ಗಣಕ ವ್ಯವಸ್ಥೆ. ಉಪಕೇಂದ್ರಗಳಲ್ಲಿನ ಉಪಕರಣಗಳು ವೋಲ್ಟೇಜ್, ಹೊರೆ, ಬ್ರೇಕರ್‌ಗಳ ಸ್ಥಿತಿ ಇತ್ಯಾದಿ ಮಾಹಿತಿಯನ್ನು ನಿಯಂತ್ರಣ ಕೊಠಡಿಗೆ ಕಳುಹಿಸುತ್ತವೆ. ಅಲ್ಲಿಂದ ಬರುವ ಆದೇಶದಂತೆ ಬ್ರೇಕರ್‌ಗಳು ತೆರೆದುಕೊಳ್ಳುತ್ತವೆ ಅಥವಾ ಮುಚ್ಚಿಕೊಳ್ಳುತ್ತವೆ. ಆದೇಶ ಕೊಟ್ಟವರು ಎಂಜಿನಿಯರೋ ಅಥವಾ ಅವರ ಪಾಸ್‌ವರ್ಡ್ ಕದ್ದವರೋ ಎಂಬುದು ಬ್ರೇಕರ್‌ಗೆ ತಿಳಿಯದು. ಅಪಾಯದ ಮೂಲ ಇರುವುದು ಇಲ್ಲಿಯೇ.

ಉಕ್ರೇನ್ ಕಲಿಸಿದ ಪಾಠ

2015ರ ಡಿಸೆಂಬರ್ 23ರಂದು ಉಕ್ರೇನ್‌ನ ಮೂರು ವಿತರಣಾ ಕಂಪೆನಿಗಳ ಮೇಲೆ ದಾಳಿ ನಡೆಯಿತು. ಸುಮಾರು 2.25 ಲಕ್ಷ ಗ್ರಾಹಕರು ವಿದ್ಯುತ್ ಕಳೆದುಕೊಂಡರು. ದಾಳಿಕೋರರು ಒಳನುಸುಳಿದ್ದು ಆ ದಿನವಲ್ಲ, ತಿಂಗಳುಗಳ ಹಿಂದೆ. ಕಚೇರಿ ಸಿಬ್ಬಂದಿಗೆ ಬಂದ ಇ-ಮೇಲ್‌ನ ಕಡತವನ್ನು ತೆರೆದಾಗ ‘ಬ್ಲ್ಯಾಕ್‌ಎನರ್ಜಿ’ ಎಂಬ ಕುತಂತ್ರಾಂಶ ಗಣಕದೊಳಗೆ ಸೇರಿತ್ತು. ಅಲ್ಲಿಂದ ಪಾಸ್‌ವರ್ಡ್‌ಗಳನ್ನು ಕದ್ದು, ಹಂತಹಂತವಾಗಿ ನಿಯಂತ್ರಣ ಕೊಠಡಿಯನ್ನು ತಲುಪಿದರು. ಅಂತಿಮ ದಿನ ಸಿಬ್ಬಂದಿಯ ಕಣ್ಣೆದುರೇ ಪರದೆಯ ಮೇಲೆ ಮೌಸ್ ತಾನಾಗಿ ಚಲಿಸಿ ಬ್ರೇಕರ್‌ಗಳನ್ನು ಒಂದೊಂದಾಗಿ ತೆರೆಯಿತು. ದೂರು ಸ್ವೀಕರಿಸುವ ದೂರವಾಣಿಗಳಿಗೆ ನಕಲಿ ಕರೆಗಳ ಸುರಿಮಳೆಯಾಗಿದ್ದರಿಂದ ಗ್ರಾಹಕರ ಕರೆಗಳು ತಲುಪಲಿಲ್ಲ.

ಆದರೂ ಕೆಲವೇ ಗಂಟೆಗಳಲ್ಲಿ ಬೆಳಕು ಮರಳಿತು. ಕಾರಣ, ಸಿಬ್ಬಂದಿ ಉಪಕೇಂದ್ರಗಳಿಗೆ ಧಾವಿಸಿ ಬ್ರೇಕರ್‌ಗಳನ್ನು ಕೈಯಿಂದಲೇ ಮುಚ್ಚಿದರು. 2016ರ ಡಿಸೆಂಬರ್‌ನಲ್ಲಿ ರಾಜಧಾನಿ ಕೀವ್‌ನ ಒಂದು ಭಾಗ ಸುಮಾರು ಒಂದು ಗಂಟೆ ಕತ್ತಲಲ್ಲಿತ್ತು. ಆ ಬಾರಿ ಬಳಕೆಯಾದ ‘ಇಂಡಸ್ಟ್ರಾಯರ್’ಗೆ ಉಪಕೇಂದ್ರದ ಉಪಕರಣಗಳ ಭಾಷೆಯೇ ಗೊತ್ತಿತ್ತು. ಈ ಎರಡೂ ದಾಳಿಗಳ ಸಂಬಂಧ ಅಮೆರಿಕವು 2020ರ ಅಕ್ಟೋಬರ್‌ನಲ್ಲಿ ರಷ್ಯಾದ ಸೇನಾ ಗುಪ್ತಚರ ವಿಭಾಗದ ಆರು ಅಧಿಕಾರಿಗಳ ವಿರುದ್ಧ ಆರೋಪಪಟ್ಟಿ ಹೊರಿಸಿತು.

ಬೆಂಗಳೂರು, ಕೂಡಗಿಯ ಹೆಸರು

ಲಡಾಖ್‌ನ ಗಾಲ್ವಾನ್ ಕಣಿವೆಯಲ್ಲಿ 2020ರ ಜೂನ್‌ನಲ್ಲಿ ನಡೆದ ಸಂಘರ್ಷದ ನಂತರ ಭಾರತ–ಚೀನಾ ಸಂಬಂಧ ಹದಗೆಟ್ಟಿತ್ತು. ಅಮೆರಿಕದ ‘ರೆಕಾರ್ಡೆಡ್ ಫ್ಯೂಚರ್’ ಸಂಸ್ಥೆ 2021ರ ಫೆಬ್ರುವರಿ ಅಂತ್ಯದಲ್ಲಿ ವರದಿಯೊಂದನ್ನು ಬಿಡುಗಡೆ ಮಾಡಿತು. ಚೀನಾದೊಂದಿಗೆ ನಂಟು ಹೊಂದಿರುವ, ‘ರೆಡ್‌ಎಕೊ’ ಎಂದು ತಾನು ಹೆಸರಿಸಿದ ಗುಂಪು ಭಾರತದ 10 ವಿದ್ಯುತ್ ಸಂಸ್ಥೆಗಳನ್ನು ಗುರಿಯಾಗಿಸಿದೆ ಎಂಬುದು ಅದರ ಸಾರ. ದೇಶದ ಐದು ಪ್ರಾದೇಶಿಕ ರವಾನೆ ಕೇಂದ್ರಗಳ ಪೈಕಿ ನಾಲ್ಕು ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನ ದಕ್ಷಿಣ ಕೇಂದ್ರ ಅವುಗಳಲ್ಲೊಂದು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ ಎನ್‌ಟಿಪಿಸಿಯ 2,400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರದ ಹೆಸರೂ ಇತ್ತು.

ಚೀನಾ ಆರೋಪವನ್ನು ತಳ್ಳಿಹಾಕಿತು. ‘ಶ್ಯಾಡೋಪ್ಯಾಡ್’ ಕುತಂತ್ರಾಂಶದ ಬಗ್ಗೆ 2020ರ ನವೆಂಬರ್‌ನಲ್ಲಿಯೇ ಎಚ್ಚರಿಕೆ ಬಂದಿತ್ತು, ಕ್ರಮ ಕೈಗೊಳ್ಳಲಾಗಿದೆ, ರವಾನೆ ಕೇಂದ್ರಗಳ ಕಾರ್ಯಕ್ಕೆ ಧಕ್ಕೆಯಾಗಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ ಸ್ಪಷ್ಟಪಡಿಸಿತು. 2020ರ ಅಕ್ಟೋಬರ್ 12ರಂದು ಮುಂಬೈ ಕತ್ತಲಲ್ಲಿ ಮುಳುಗಿದ್ದಕ್ಕೂ ಸೈಬರ್ ದಾಳಿಯೇ ಕಾರಣವಿರಬಹುದೆಂದು ಮಹಾರಾಷ್ಟ್ರ ಸರ್ಕಾರ ಶಂಕಿಸಿತಾದರೂ, ಅದು ಮಾನವ ಲೋಪದಿಂದ ಆದದ್ದು ಎಂದು ಕೇಂದ್ರ ಸಚಿವರು ಹೇಳಿದರು. ಒಳನುಸುಳುವುದು ಬೇರೆ, ಕತ್ತಲು ಕವಿಸುವುದು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಆದರೆ ಮೊದಲನೆಯದು ಇಲ್ಲದೆ ಎರಡನೆಯದು ಸಾಧ್ಯವಿಲ್ಲ.

ಒಂದೇ ಜಾಲ, ಒಂದೇ ಕಂಪನಾಂಕ

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಸತತ ಎರಡು ದಿನ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಅದರೊಂದಿಗೆ ಕುಸಿದವು. ಅದು ಸೈಬರ್ ದಾಳಿಯಾಗಿರಲಿಲ್ಲ. ಹೊರೆ ಹೆಚ್ಚಿದ ಮಾರ್ಗವೊಂದು ಕೈಕೊಟ್ಟಿದ್ದೇ ಆರಂಭ. ಆಗ ಕರ್ನಾಟಕಕ್ಕೆ ಏನೂ ಆಗಲಿಲ್ಲ. ಏಕೆಂದರೆ ದಕ್ಷಿಣದ ಜಾಲವು ತನ್ನದೇ ಕಂಪನಾಂಕದಲ್ಲಿ ಪ್ರತ್ಯೇಕವಾಗಿ ನಡೆಯುತ್ತಿತ್ತು. ಉತ್ತರದೊಂದಿಗೆ ಅದಕ್ಕಿದ್ದದ್ದು ಏಕಮುಖ ವಿದ್ಯುತ್ತಿನ ಕೊಂಡಿ ಮಾತ್ರ.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲಕ್ಕೆ ಸೇರಿತು. ವಿದ್ಯುತ್ ಕೊರತೆಯಿರುವಾಗ ಹೊರಗಿನಿಂದ ತರಿಸಿಕೊಳ್ಳುವ ದಾರಿ ಸುಗಮವಾಯಿತು. ಲಾಭದೊಂದಿಗೆ ಹೊಣೆಯೂ ಬಂತು. ದೇಶದ ಯಾವುದೇ ಮೂಲೆಯ ದೊಡ್ಡ ಏರುಪೇರು ಈಗ ಮೈಸೂರಿನ ಕಂಪನಾಂಕದಲ್ಲೂ ಕಾಣುತ್ತದೆ. ಅದನ್ನು 50 ಹರ್ಟ್ಸ್ ಆಸುಪಾಸಿನಲ್ಲಿ ಕಾಯ್ದುಕೊಳ್ಳದಿದ್ದರೆ ರಕ್ಷಣಾ ಉಪಕರಣಗಳು ತಾವಾಗಿ ಹೊರೆ ಕಡಿತಗೊಳಿಸುತ್ತವೆ.

ಸ್ಮಾರ್ಟ್ ಮೀಟರ್ ಎಂಬ ಹೊಸ ಬಾಗಿಲು

ಕೇಂದ್ರ ಸರ್ಕಾರದ ಪ್ರಾಯೋಗಿಕ ಸ್ಮಾರ್ಟ್ ಗ್ರಿಡ್ ಯೋಜನೆಗೆ ದೇಶದಲ್ಲಿ ಆಯ್ಕೆಯಾದ ಮೊದಲ ಕೆಲವು ಕಡೆಗಳಲ್ಲಿ ಮೈಸೂರೂ ಒಂದು. ವಿ.ವಿ. ಮೊಹಲ್ಲಾ ಭಾಗದ 21,824 ಗ್ರಾಹಕರನ್ನು ಒಳಗೊಂಡ ಈ ಯೋಜನೆಯನ್ನು ಸೆಸ್ಕ್ ಕೈಗೆತ್ತಿಕೊಂಡಿತ್ತು. ಮೀಟರ್ ಓದಲು ಮನೆಗೆ ಬರಬೇಕಿಲ್ಲ, ಎಲ್ಲಿ ವಿದ್ಯುತ್ ಹೋಗಿದೆ ಎಂಬುದು ಕಚೇರಿಗೆ ತಾನಾಗಿ ತಿಳಿಯುತ್ತದೆ, ಸೋರಿಕೆ ಪತ್ತೆ ಸುಲಭ. ಇವು ಕಡೆಗಣಿಸಬಹುದಾದ ಅನುಕೂಲಗಳಲ್ಲ.

ಆದರೆ ಸ್ಮಾರ್ಟ್ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ದೂರದಿಂದಲೇ ಸಂಪರ್ಕ ಕಡಿತಗೊಳಿಸುವ ಸ್ವಿಚ್ ಸಹ ಇರುತ್ತದೆ. ತಲಾ ಒಂದು ಕಿಲೋವಾಟ್ ಬಳಸುವ ಒಂದು ಲಕ್ಷ ಮನೆಗಳ ಸಂಪರ್ಕವನ್ನು ಒಮ್ಮೆಗೇ ಕಡಿದರೆ ಜಾಲದಿಂದ 100 ಮೆಗಾವಾಟ್ ಹೊರೆ ದಿಢೀರನೆ ಮಾಯವಾಗುತ್ತದೆ. ಹತ್ತಾರು ನಗರಗಳಲ್ಲಿ ಹೀಗಾದರೆ ಸಮತೋಲನವೇ ತಪ್ಪುತ್ತದೆ. ಆದ್ದರಿಂದ ಮೀಟರ್‌ಗಳನ್ನು ನಿಯಂತ್ರಿಸುವ ಕೇಂದ್ರ ಗಣಕದ ಭದ್ರತೆ ಉಪಕೇಂದ್ರದ ಬೇಲಿಯಷ್ಟೇ ಮುಖ್ಯ.

ಕಾನೂನಿನ ಕಾವಲು

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎಫ್ ಕಲಮಿನ ಪ್ರಕಾರ ಸೈಬರ್ ಭಯೋತ್ಪಾದನೆಗೆ ಜೀವಾವಧಿಯವರೆಗೆ ಶಿಕ್ಷೆಯಿದೆ. ಪ್ರಮುಖ ಮೂಲಸೌಕರ್ಯಗಳ ಗಣಕ ರಕ್ಷಣೆಗೆಂದು 2014ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ರಚಿಸಲಾಯಿತು. ವಿದೇಶಗಳಿಂದ ತರಿಸುವ ವಿದ್ಯುತ್ ಉಪಕರಣಗಳಲ್ಲಿ ಕುತಂತ್ರಾಂಶ ಅಡಗಿದೆಯೇ ಎಂದು ಪರೀಕ್ಷಿಸಬೇಕೆಂದು ಇಂಧನ ಸಚಿವಾಲಯ 2020ರ ಜುಲೈನಲ್ಲಿ ಆದೇಶಿಸಿತು. 2021ರ ಅಕ್ಟೋಬರ್‌ನಲ್ಲಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಪ್ರತಿ ಸಂಸ್ಥೆಯಲ್ಲೂ ಮಾಹಿತಿ ಭದ್ರತಾ ಅಧಿಕಾರಿ ಇರಬೇಕು, ಜಾಲ ನಿಯಂತ್ರಣದ ವ್ಯವಸ್ಥೆಯನ್ನು ಅಂತರ್ಜಾಲದಿಂದ ದೂರವಿಡಬೇಕು ಎಂಬುವು ಅದರ ಮುಖ್ಯಾಂಶಗಳು.

ದಾಳಿಕೋರ ಗಡಿಯಾಚೆಗಿದ್ದರೆ ಕಾನೂನಿನ ಕೈ ಅಲ್ಲಿಗೆ ಸುಲಭವಾಗಿ ತಲುಪದು. ಆಗ ಉಳಿಯುವುದು ಸಿದ್ಧತೆಯೊಂದೇ. ಅಪರಿಚಿತ ಇ-ಮೇಲ್ ತೆರೆಯದ ಶಿಸ್ತು, ಕಚೇರಿಯ ಗಣಕಕ್ಕೂ ನಿಯಂತ್ರಣ ಕೊಠಡಿಗೂ ನಡುವೆ ಗಟ್ಟಿಯಾದ ಗೋಡೆ, ನಿಯಮಿತ ಅಣಕು ಕಾರ್ಯಾಚರಣೆ ಅದರ ಅಂಗಗಳು. ಪರದೆ ಕೈಕೊಟ್ಟಾಗ ಉಪಕೇಂದ್ರಕ್ಕೆ ತೆರಳಿ ಕೈಯಿಂದ ಬ್ರೇಕರ್ ನಿರ್ವಹಿಸಬಲ್ಲ ಅನುಭವಿಗಳೂ ಬೇಕು. ಯಾಂತ್ರೀಕರಣದ ಹೆಸರಿನಲ್ಲಿ ಅಂಥ ಸಿಬ್ಬಂದಿಯನ್ನು ಪೂರ್ತಿ ಕೈಬಿಟ್ಟರೆ, ಉಕ್ರೇನ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಮರಳಿದ ಬೆಳಕು ಇಲ್ಲಿ ಅಷ್ಟು ಬೇಗ ಮರಳಲಾರದು.