ಯುರೋಪಿನ ಆಚೆ ಫೇರ್‌ಫೋನ್

ಆಮ್‌ಸ್ಟರ್‌ಡ್ಯಾಮಿನಲ್ಲಿ 2013ರಲ್ಲಿ ಆರಂಭವಾದ ಫೇರ್‌ಫೋನ್ ಕಂಪನಿಯ ಫೋನುಗಳನ್ನು ಕೊಂಡವರೇ ಬಿಚ್ಚಿ ರಿಪೇರಿ ಮಾಡಿಕೊಳ್ಳಬಹುದು. 2023ರಲ್ಲಿ ಬಂದ ಫೇರ್‌ಫೋನ್ 5ರ ಬ್ಯಾಟರಿ ಯಾವ ಉಪಕರಣವೂ ಇಲ್ಲದೆ ಕೈಗೆ ಬರುತ್ತದೆ. ಡಿಸ್‌ಪ್ಲೇ, ಕ್ಯಾಮೆರಾ, ಚಾರ್ಜಿಂಗ್ ಪೋರ್ಟ್ ಬದಲಿಸಲು ಸಣ್ಣದೊಂದು ಸ್ಕ್ರೂಡ್ರೈವರ್ ಸಾಕು. ಐದು ವರ್ಷದ ವಾರಂಟಿ ಬೇರೆ. ಆದರೆ ಕಂಪನಿಯ ಮಾರುಕಟ್ಟೆ ಮುಖ್ಯವಾಗಿ ಯುರೋಪು. ಅಲ್ಲಿಂದ ಆಚೆಗೆ ಒಯ್ದರೆ ಲೆಕ್ಕಾಚಾರ ಬದಲಾಗುತ್ತದೆ.

ಮೊದಲ ತೊಡಕು ನೆಟ್‌ವರ್ಕ್

ರಿಪೇರಿಯ ಮಾತು ಆಮೇಲೆ. ಕರೆ ಹೋಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಯುರೋಪಿನ ಹಳ್ಳಿಗಾಡಿಗೆ 4ಜಿ ತಲುಪಿಸುವುದು 800 ಮೆಗಾಹರ್ಟ್ಸ್‌ನ ಬ್ಯಾಂಡ್ 20. ಅಮೆರಿಕದಲ್ಲಿ ಟಿ-ಮೊಬೈಲ್ ಅದೇ ಕೆಲಸಕ್ಕೆ 600 ಮೆಗಾಹರ್ಟ್ಸ್‌ನ ಬ್ಯಾಂಡ್ 71 ಬಳಸುತ್ತದೆ. ಫೋನು ಆಯಾ ದೇಶದ ಬ್ಯಾಂಡ್ ಹಿಡಿಯಬೇಕು; ಹಿಡಿದರೂ ಅಲ್ಲಿಗೇ ಮುಗಿಯಲಿಲ್ಲ. 2ಜಿ, 3ಜಿ ಎರಡೂ ಇಲ್ಲದ ಕಡೆ ಕರೆ ಸಾಗುವುದು ವೋಲ್ಟಿ (VoLTE), ಅಂದರೆ 4ಜಿಯಲ್ಲೇ ಧ್ವನಿ ಕರೆ ಸಾಗಿಸುವ ವ್ಯವಸ್ಥೆಯ ಮೂಲಕ. ಅದಕ್ಕೆ ಆಯಾ ಮೊಬೈಲ್ ಸೇವಾ ಕಂಪನಿಯ ಸೆಟ್ಟಿಂಗ್ ಫೋನಿನ ಸಾಫ್ಟ್‌ವೇರ್‌ನಲ್ಲೇ ಇರಬೇಕು. 2022ರಲ್ಲಿ 3ಜಿ ನಿಲ್ಲಿಸಿದ ಅಮೆರಿಕದ ಎಟಿ&ಟಿ, ತಾನು ಒಪ್ಪಿದ ಫೋನುಗಳದೇ ಪಟ್ಟಿ ಇಟ್ಟುಕೊಂಡಿದೆ. ಆಸ್ಟ್ರೇಲಿಯಾ ಇನ್ನೂ ಬಿಗಿ: 2024ರ ಅಕ್ಟೋಬರ್‌ನಲ್ಲಿ 3ಜಿ ಮುಚ್ಚಿದ ಮೇಲೆ, ತುರ್ತು ಸಂಖ್ಯೆ 000ಕ್ಕೆ 4ಜಿಯಲ್ಲಿ ಕರೆ ಮಾಡಲಾಗದ ಫೋನಿಗೆ ಸಂಪರ್ಕವನ್ನೇ ಕೊಡುವಂತಿಲ್ಲ.

ಜರ್ಮನಿಯಲ್ಲಿ ಕೆಲಸ ಮುಗಿಸಿ ಬೆಂಗಳೂರಿಗೆ ಮರಳುವವರೂ ಇದನ್ನು ಗಮನಿಸಬೇಕು. ಜಿಯೋಗೆ 2ಜಿ, 3ಜಿ ಎಂಬುದೇ ಇಲ್ಲ. ವೋಲ್ಟಿ ಸೆಟ್ಟಿಂಗ್ ಇಲ್ಲದಿದ್ದರೆ ಇಂಟರ್ನೆಟ್ ಓಡುತ್ತಿದ್ದರೂ ಮಾಮೂಲಿ ಕರೆ ಹೋಗುವುದಿಲ್ಲ. ಹೊರಡುವ ಮೊದಲು, ಇಂತಹದೇ ಮಾದರಿಯನ್ನು ಇಲ್ಲಿ ಬಳಸುತ್ತಿರುವವರು ಸಿಕ್ಕರೆ ಕೇಳಿ ನೋಡುವುದು ಜಾಹೀರಾತು ಓದುವುದಕ್ಕಿಂತ ವಾಸಿ.

ಅಮೆರಿಕದ ಬಾಗಿಲು

2023ರ ಜುಲೈನಲ್ಲಿ ಮುರೇನಾ ಎಂಬ ಕಂಪನಿ ಫೇರ್‌ಫೋನ್ 4 ಅನ್ನು ಅಮೆರಿಕದಲ್ಲಿ ಮಾರಲು ತೊಡಗಿತು. ಗೂಗಲ್ ಆ್ಯಪ್‌ಗಳ ಬದಲು ಅದರಲ್ಲಿ ಮುರೇನಾ ಕಂಪನಿಯದೇ ಆಂಡ್ರಾಯ್ಡ್ ಆವೃತ್ತಿ ಇತ್ತು. ಫೋನು ಮಾತ್ರ 2021ರದು. ಹೊಸದೆಂದು ಕೊಂಡವರ ಪಾಲಿಗೆ ಅದರ ದೀರ್ಘಾಯುಷ್ಯದಲ್ಲಿ ಸುಮಾರು ಎರಡು ವರ್ಷ ಆಗಲೇ ಸವೆದಿತ್ತು.

ಬಿಡಿಭಾಗಗಳ ಪ್ರಶ್ನೆ

ಸ್ಕ್ರೂ ಬಿಚ್ಚಲು ಬರುವುದು ಅರ್ಧ ರಿಪೇರಿ. ಉಳಿದರ್ಧ ಬಿಡಿಭಾಗ ಸಿಗುವುದು. ನನ್ನ ಮಟ್ಟಿಗೆ ಈ ಎರಡನೆಯ ಅರ್ಧವೇ ದೊಡ್ಡದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಹುತೇಕ ಫೋನುಗಳ ಡಿಸ್‌ಪ್ಲೇ ಅಸಲಿಯೋ ನಕಲಿಯೋ ಹುಡುಕಿದರೆ ಸಿಕ್ಕೀತು. ಇಲ್ಲಿ ಮಾರಾಟಕ್ಕೇ ಬರದ ಫೋನಿನ ಭಾಗವನ್ನು ಯಾವ ಅಂಗಡಿಯವನು ತರಿಸಿಟ್ಟಾನು? ವಾರಂಟಿ ಕೆಲಸಕ್ಕೂ ಫೋನು ಯುರೋಪಿಗೇ ಹೋಗಬೇಕು.

ಬ್ಯಾಟರಿ ತರಿಸುವುದು ಎಲ್ಲಕ್ಕಿಂತ ಕಷ್ಟ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ. ಪ್ರಯಾಣಿಕರು ಮಾತ್ರ 100 ವ್ಯಾಟ್-ಅವರ್‌ವರೆಗಿನದನ್ನು ಕೈಚೀಲದಲ್ಲಿ ಒಯ್ಯಬಹುದು. ಫೇರ್‌ಫೋನ್ 5ರ 4200 ಎಂಎಎಚ್ ಬ್ಯಾಟರಿ ಸುಮಾರು 16 ವ್ಯಾಟ್-ಅವರ್ ಅಷ್ಟೇ.

ಏನು ತಂದಿಡಬೇಕು

ಚಾರ್ಜಿಂಗ್ ಪೋರ್ಟ್ ದಿನವೂ ಸವೆಯುವ ಭಾಗ. ಫೋನಿನ ಜೊತೆಗೇ ಒಂದನ್ನು ಕೊಂಡಿಟ್ಟರೆ ಕೆಡುವುದಿಲ್ಲ. ಡಿಸ್‌ಪ್ಲೇ ಸವೆಯುವುದಲ್ಲ, ಒಡೆಯುವುದು. ದುಬಾರಿಯಾದ್ದರಿಂದ ಗಟ್ಟಿ ಕವರ್ ಹಾಕಿ ಸುಮ್ಮನಿರಬಹುದು. ಬ್ಯಾಟರಿಯನ್ನು ಮೊದಲೇ ಕೊಂಡರೆ ಪೆಟ್ಟಿಗೆಯಲ್ಲೇ ಮುಪ್ಪಾಗುತ್ತದೆ. ಎರಡು ಮೂರು ವರ್ಷ ಕಳೆದ ಮೇಲೆ, ಅತ್ತಲಿಂದ ಬರುವ ನೆಂಟರ ಕೈಚೀಲದಲ್ಲಿ ತರಿಸಿಕೊಳ್ಳುವುದೇ ಸರಿ.