ಬಾಫತ್: ಪದದ ಅರ್ಥ ಮತ್ತು ಬಳಕೆ

ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಮದುವೆ ಮನೆಗಳಲ್ಲಿ, ಚರ್ಚಿನ ವಾರ್ಷಿಕ ಹಬ್ಬದ ಊಟದಲ್ಲಿ ಸಾನ್ನಾಂ ಜೊತೆ ಬಡಿಸುವ ಹಂದಿಮಾಂಸದ ಪದಾರ್ಥವೇ ದುಕ್ರಾಮಾಸ್ ಬಾಫತ್. ಆದರೆ ಬಾಫತ್ ಎಂದರೇನು ಎಂದು ಕೇಳಿದರೆ ಇಂದು ಅನೇಕರು ಅಂಗಡಿಯಲ್ಲಿ ಸಿಗುವ ಕೆಂಪು ಪುಡಿಯ ಪೊಟ್ಟಣವನ್ನೇ ತೋರಿಸುತ್ತಾರೆ. ಪದದ ಮೂಲ ಅರ್ಥ ಪುಡಿಯಲ್ಲ, ಬೇಯಿಸುವ ಕ್ರಮ.

ಪೋರ್ಚುಗೀಸ್ ಭಾಷೆಯಲ್ಲಿ 'ಅಬಫಾರ್' ಎಂದರೆ ಗಾಳಿಯಾಡದಂತೆ ಮುಚ್ಚುವುದು. ಅಡುಗೆಯಲ್ಲಿ, ಮುಚ್ಚಳ ಹಾಕಿ ಒಳಗಿನ ಹಬೆಯಲ್ಲಿಯೇ ನಿಧಾನವಾಗಿ ಬೇಯಿಸುವುದು. ಹಾಗೆ ಬೆಂದದ್ದು 'ಅಬಫಾದೊ'. ಗೋವಾದಿಂದ ವಲಸೆ ಬಂದ ನಮ್ಮ ಹಿರಿಯರ ಬಾಯಲ್ಲಿ ಅದು ಬಾಫತ್ ಆಯಿತು. ಬಾಫಾತ್, ಬಫಾತ್ ಎಂದು ಬರೆಯುವವರೂ ಇದ್ದಾರೆ. ಕೊಂಕಣಿಯಲ್ಲಿ ಹಬೆಗೆ 'ವಾಫ್' ಎನ್ನುವುದರಿಂದ ಇದು ನಮ್ಮದೇ ಪದ ಎಂದು ತೋರಬಹುದು. ಆದರೆ 'ವಾಫ್' ಸಂಸ್ಕೃತದ 'ಬಾಷ್ಪ'ದ ಕುಲಕ್ಕೆ ಸೇರಿದ್ದು; ಹೋಲಿಕೆ ಆಕಸ್ಮಿಕ.

ಇಂಗ್ಲಿಷ್ ಅಡುಗೆ ಪುಸ್ತಕಗಳು ಇದನ್ನು 'ಸ್ಟ್ಯೂ' ಎನ್ನುವುದುಂಟು. ತಪ್ಪೇನಲ್ಲ. ಆದರೆ ನಾವು 'ಇಸ್ಟು' ಎನ್ನುವ ತೆಂಗಿನ ಹಾಲಿನ ಸೌಮ್ಯ ಪದಾರ್ಥವೇ ಬೇರೆ. ಬಾಫತ್‌ಗೆ ತೆಂಗಿನಕಾಯಿ ಬೇಡ. ಮಾಂಸಕ್ಕೆ ನೀರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ವಿನೆಗರ್ ಮತ್ತು ಪುಡಿ ಬೆರೆಸಿ, ನೀರು ಆದಷ್ಟು ಕಡಿಮೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಡಬೇಕು. ಹಂದಿಮಾಂಸ ತನ್ನ ನೀರು ಮತ್ತು ಕೊಬ್ಬಿನಲ್ಲಿಯೇ ಬೇಯುತ್ತದೆ. ಪುಡಿ ಹಾಕಿ ಲೋಟಗಟ್ಟಲೆ ನೀರು ಸುರಿದು ಕುಕ್ಕರಿನಲ್ಲಿ ಸೀಟಿ ಹೊಡೆಸಿದರೆ ಬಣ್ಣ ಬಂದೀತು, ಬಾಫತ್ ಆಗದು ಎಂಬುದು ನಮ್ಮ ಅಭಿಪ್ರಾಯ.

ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಸಿನ ಇವು ಪುಡಿಯ ಮುಖ್ಯ ಸಾಮಗ್ರಿಗಳು. ಮಳೆಗಾಲಕ್ಕೆ ಮುಂಚೆ ಬಿಸಿಲಿಗೆ ಒಣಗಿಸಿ, ಮಿಲ್ಲಿನಲ್ಲಿ ಪುಡಿ ಮಾಡಿಸಿ ಭರಣಿಯಲ್ಲಿ ತುಂಬಿಡುವ ಮನೆಗಳು ಈಗಲೂ ಇವೆ. ಅಳತೆ ಮನೆಯಿಂದ ಮನೆಗೆ ಬೇರೆ. ಅಜ್ಜಿಯಂದಿರು ಅದನ್ನು ಬರೆದಿಡುವುದು ಅಪರೂಪ. ಈ ಪುಡಿಯನ್ನೇ ಬೆಂಡೆಕಾಯಿಗೂ ಮೀನಿಗೂ ಹಾಕುವುದರಿಂದ ಪದದ ಅರ್ಥ ಪಾತ್ರೆಯಿಂದ ಭರಣಿಗೆ ಸರಿದಿದೆ. 'ವಿಂದಾಲೂ'ವಿನ ಗತಿಯೂ ಇದೇ: ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯನ್ನು ಸೂಚಿಸುವ ಪೋರ್ಚುಗೀಸ್ ಹೆಸರಿನಿಂದ ಬಂದ ಆ ಪದದಲ್ಲಿ ಆಲೂಗಡ್ಡೆ ಹುಡುಕುವವರಿದ್ದಾರೆ!

ಪಾಕವಿಧಾನ ಬರೆಯುವವರಲ್ಲಿ ನಮ್ಮದೊಂದು ವಿನಂತಿ: ಮಸಾಲೆಗೆ 'ಬಾಫತ್ ಪುಡಿ' ಎಂದೂ, ಪದಾರ್ಥಕ್ಕೆ ಮಾತ್ರ 'ಬಾಫತ್' ಎಂದೂ ಬರೆಯಿರಿ. ಮುಚ್ಚಳದ ವಿಷಯವನ್ನೂ ಮರೆಯದೆ ಸೇರಿಸಿರಿ.